ಗಂಧದೆಣ್ಣೆ, ನೆಗ್ಗಿಲು, ಕ್ರ್ಯಾನ್‌ಬೆರಿ: ಉರಿಮೂತ್ರದ ಔಷಧಿಗಳ ಚರಿತ್ರೆ

ಕೆಂಗೇರಿ ಉಪನಗರದ ಮೆಡಿಕಲ್ ಶಾಪ್‌ಗಳಲ್ಲಿ ಈಗ ಕ್ರ್ಯಾನ್‌ಬೆರಿ ಹೆಸರಿನ ಪುಡಿ ಪೊಟ್ಟಣ, ಮಾತ್ರೆ, ಸಿರಪ್ಪು ಸಿಗುತ್ತವೆ. ಮೇಲೆ ಕೆಂಪು ಹಣ್ಣಿನ ಚಿತ್ರ. ಈ ಹಣ್ಣು ನಮ್ಮ ಯಾವ ಸಂತೆಗೂ ಬರುವುದಿಲ್ಲ, ನಮ್ಮ ಯಾವ ಹೊಲದಲ್ಲೂ ಬೆಳೆಯುವುದಿಲ್ಲ. ಹೆಂಗಸರಿಗೆ ಪದೇ ಪದೇ ಬರುವ ಉರಿಮೂತ್ರವನ್ನು ತಡೆಯುತ್ತದೆ ಎಂದು ಮಾರುತ್ತಾರೆ. ಅದು ಎಷ್ಟು ನಿಜ ಎಂದು ತಿಳಿಯಲು ಹೊರಟಾಗ ನಮಗೆ ಇನ್ನೊಂದು ಹಳೆಯ ಕಥೆಯೂ ಸಿಕ್ಕಿತು. ನೂರು ವರ್ಷದ ಹಿಂದೆ ಯುರೋಪಿನ ಡಾಕ್ಟರುಗಳು ಮೂತ್ರನಾಳದ ಸೋಂಕಿಗೆ ಬರೆದುಕೊಡುತ್ತಿದ್ದ ಔಷಧಿ ಹೋಗುತ್ತಿದ್ದುದು ನಮ್ಮ ಮೈಸೂರು ಸೀಮೆಯಿಂದ.

ಮೊದಲು ಕಾಯಿಲೆಯ ಮಾತು. ಒಂದಕ್ಕೆ ಹೋಗುವಾಗ ಉರಿ, ಹೋಗಿ ಬಂದ ಐದು ನಿಮಿಷಕ್ಕೆ ಮತ್ತೆ ಹೋಗಬೇಕು ಅನ್ನಿಸುವುದು, ಹೋದರೆ ನಾಲ್ಕು ಹನಿ, ಕಿಬ್ಬೊಟ್ಟೆ ನೋವು. ನಮ್ಮ ಮನೆಗಳಲ್ಲಿ ಇದಕ್ಕೆ ಒಂದೇ ಉತ್ತರ: ‘ಉಷ್ಣ ಆಗಿದೆ’. ಬಿಸಿಲಲ್ಲಿ ಕಳೆ ತೆಗೆದಿದ್ದಾಳೆ, ಉಷ್ಣ. ಮಾವಿನಹಣ್ಣು ತಿಂದಿದ್ದಾಳೆ, ಉಷ್ಣ. ಆದರೆ ಬಹುಪಾಲು ಸಲ ಕಾರಣ ಇ-ಕೋಲೈ ಎಂಬ ಬ್ಯಾಕ್ಟೀರಿಯಾ. ಅದು ನಮ್ಮ ಕರುಳಿನಲ್ಲೇ ಇರುವ ಜೀವಿ. ಅಲ್ಲಿದ್ದರೆ ತೊಂದರೆಯಿಲ್ಲ, ಮೂತ್ರದ ದಾರಿ ಹತ್ತಿದರೆ ತೊಂದರೆ. ಹೆಂಗಸರಲ್ಲಿ ಆ ದಾರಿ ಸುಮಾರು 4 ಸೆಂಟಿಮೀಟರ್ ಮಾತ್ರ. ಗಂಡಸರಲ್ಲಿ ಅದರ ನಾಲ್ಕೈದು ಪಟ್ಟು ಉದ್ದ. ಹಾಗಾಗಿ ಈ ಕಾಯಿಲೆ ಹೆಂಗಸರನ್ನೇ ಹೆಚ್ಚು ಹಿಡಿಯುತ್ತದೆ. ಅದಕ್ಕೂ ಅವರ ನಡತೆಗೂ ಸಂಬಂಧವಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇವೆ ಎಂದರೆ, ನಾಚಿಕೆಯಿಂದಲೇ ಇದನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡವರು ಎಲ್ಲ ಊರಲ್ಲೂ ಇದ್ದಾರೆ. ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಬಂದರೆ ಅದನ್ನು ‘ಮರುಕಳಿಸುವ ಸೋಂಕು’ ಎಂದು ಡಾಕ್ಟರುಗಳು ಲೆಕ್ಕ ಹಾಕುತ್ತಾರೆ.

ಹಳೆಯ ವೈದ್ಯರಿಗೆ ಬ್ಯಾಕ್ಟೀರಿಯಾ ಗೊತ್ತಿರಲಿಲ್ಲ, ಕಾಯಿಲೆ ಚೆನ್ನಾಗಿ ಗೊತ್ತಿತ್ತು. ಆಯುರ್ವೇದದಲ್ಲಿ ಇದರ ಹೆಸರು ಮೂತ್ರಕೃಚ್ಛ್ರ, ಅಂದರೆ ಕಷ್ಟಪಟ್ಟು ಬರುವ ಮೂತ್ರ. ಚರಕ ಸಂಹಿತೆಯಲ್ಲಿ ಮೂತ್ರವನ್ನು ಹೆಚ್ಚಿಸಿ ಹೊರಹಾಕುವ ಹತ್ತು ಮೂಲಿಕೆಗಳ ಒಂದು ಗುಂಪೇ ಇದೆ. ಅದರಲ್ಲಿ ದರ್ಭೆ ಇದೆ, ಪಾಷಾಣಭೇದ ಇದೆ, ನಮ್ಮ ನೆಗ್ಗಿಲು ಇದೆ. ಬಯಲುಸೀಮೆಯ ಓದುಗರಿಗೆ ನೆಗ್ಗಿಲು ಏನೆಂದು ಹೇಳಬೇಕಿಲ್ಲ. ಬರಿಗಾಲಲ್ಲಿ ಬದುವಿನ ಮೇಲೆ ನಡೆದವರಿಗೆಲ್ಲ ಅದರ ಮುಳ್ಳಿನ ಪರಿಚಯವಿದೆ. ಹಳದಿ ಹೂವು ಬಿಟ್ಟು ನೆಲಕ್ಕೆ ಹರಡಿಕೊಳ್ಳುವ ಸಣ್ಣ ನೆಗ್ಗಿಲು ಒಂದು. ಇನ್ನೊಂದು ಆನೆನೆಗ್ಗಿಲು. ಅದರ ಹಸಿ ಕೊಂಬೆಯನ್ನು ನೀರಲ್ಲಿ ನಾಲ್ಕು ಸುತ್ತು ತಿರುಗಿಸಿದರೆ ನೀರು ಲೋಳೆಲೋಳೆಯಾಗುತ್ತದೆ. ಉರಿಮೂತ್ರಕ್ಕೆ ಅದನ್ನೇ ಕುಡಿಸುತ್ತಿದ್ದರು. ಜೊತೆಗೆ ಕೊತ್ತಂಬರಿ ಬೀಜ ನೆನೆಸಿದ ನೀರು, ಜೀರಿಗೆ ನೀರು, ಬಾರ್ಲಿ ಗಂಜಿ, ಬಾಳೆದಿಂಡಿನ ರಸ, ಲಾವಂಚದ ಬೇರು ಹಾಕಿದ ನೀರು, ಎಳನೀರು.

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಎಲ್ಲದರಲ್ಲೂ ಇರುವುದು ಒಂದೇ, ನೀರು. ಇದಕ್ಕೆ ಆಮೇಲೆ ಬರುತ್ತೇವೆ.

ಈ ಮನೆಮದ್ದುಗಳ ಸಾಲಿನಲ್ಲಿ ಗಂಧವೂ ಇತ್ತು. ಗಂಧದ ಕೊರಡು ತೇಯ್ದು ನೀರಿಗೋ ಹಾಲಿಗೋ ಕಲಸಿ ಕೊಡುವುದು ಹಳೆಯ ಪದ್ಧತಿ. ಗ್ರಂಥಿಗೆ ಅಂಗಡಿಯಲ್ಲಿ, ಆಯುರ್ವೇದದ ಅಂಗಡಿಯಲ್ಲಿ ಇಂದಿಗೂ ಸಿಗುವ ಚಂದನಾಸವ ಇದೇ ವಂಶದ್ದು. ಗಂಧದ ಮರದ ಚರಿತ್ರೆ ಮಾತ್ರ ರೈತರಿಗೆ ಅಷ್ಟು ತಂಪಾಗಿರಲಿಲ್ಲ. 1792ರಲ್ಲಿ ಟಿಪ್ಪು ಸುಲ್ತಾನ್ ಅದನ್ನು ರಾಜವೃಕ್ಷ ಎಂದು ಘೋಷಿಸಿದ. ಆಮೇಲೆ ಒಡೆಯರು ಬಂದರು, ಬ್ರಿಟಿಷರು ಬಂದರು, ನಮ್ಮದೇ ಸರ್ಕಾರ ಬಂತು, ನಿಯಮ ಬದಲಾಗಲಿಲ್ಲ. ನಿಮ್ಮ ಹೊಲದಲ್ಲಿ ಹುಟ್ಟಿದರೂ ಮರ ಸರ್ಕಾರದ್ದು. 2001ರ ಕಾನೂನು ತಿದ್ದುಪಡಿ ಆದಮೇಲಷ್ಟೇ ಕರ್ನಾಟಕದಲ್ಲಿ ಜಮೀನಿನ ಮಾಲೀಕ ತನ್ನ ಗಂಧದ ಮರಕ್ಕೆ ಮಾಲೀಕನಾದ.

1865ರಲ್ಲಿ ಗ್ಲಾಸ್ಗೊದ ಹೆಂಡರ್ಸನ್ ಎಂಬ ಡಾಕ್ಟರು ಗೊನೋರಿಯಾಕ್ಕೆ ಗಂಧದ ಎಣ್ಣೆ ಕೊಟ್ಟು ಗುಣ ಕಂಡೆ ಎಂದು ವೈದ್ಯಪತ್ರಿಕೆಯಲ್ಲಿ ಬರೆದರು. ಗೊನೋರಿಯಾ ಲೈಂಗಿಕ ಸಂಪರ್ಕದಿಂದ ಹರಡುವ ಕಾಯಿಲೆ. ಅದರಲ್ಲೂ ಉರಿಮೂತ್ರವೇ ದೊಡ್ಡ ಕಷ್ಟ. ಅಲ್ಲಿಂದ ಯುರೋಪಿನಲ್ಲಿ ಗಂಧದೆಣ್ಣೆಗೆ ಬೇಡಿಕೆ ಏರಿತು. 1885ರ ಬ್ರಿಟಿಷ್ ಔಷಧ ಸಂಹಿತೆಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ಪ್ಯಾರಿಸ್ಸಿನ ಮಿದಿ ಎಂಬ ಔಷಧ ತಯಾರಕರು ಎಣ್ಣೆಯನ್ನು ಸಣ್ಣ ಕ್ಯಾಪ್ಸೂಲುಗಳಿಗೆ ತುಂಬಿ ‘ಸ್ಯಾಂಟಲ್ ಮಿದಿ’ ಎಂಬ ಹೆಸರಲ್ಲಿ ಮಾರಿದರು. ಅದರ ಜಾಹೀರಾತು ದೇಶದೇಶಗಳ ಪತ್ರಿಕೆಗಳಲ್ಲಿ ಬಂತು. ಮೂತ್ರಕೋಶದ ಹಳೇ ಊತಕ್ಕೂ ಇದನ್ನೇ ಬರೆದುಕೊಡುತ್ತಿದ್ದರು. ಒಳ್ಳೆಯ ಎಣ್ಣೆ ಎಂದರೆ ಅದರಲ್ಲಿ ಸ್ಯಾಂಟಲಾಲ್ ಎಂಬ ಅಂಶ 90 ಭಾಗಕ್ಕೆ ಕಡಿಮೆ ಇರಬಾರದು ಎಂಬ ಅಳತೆಯೂ ಬಂತು. ಮೈಸೂರಿನ ಗಂಧಕ್ಕೆ ಬೆಲೆ ಬಂದದ್ದು ಅದರ ಪರಿಮಳಕ್ಕೆ ಮಾತ್ರವಲ್ಲ ಎಂಬುದನ್ನು ನಾವು ಮರೆತಿದ್ದೇವೆ.

ಆದರೆ ಎಣ್ಣೆ ತೆಗೆಯುತ್ತಿದ್ದವರು ನಾವಲ್ಲ. ಮೈಸೂರು ಸರ್ಕಾರ ಮರವನ್ನು ಹರಾಜು ಹಾಕುತ್ತಿತ್ತು. ಹೆಚ್ಚಿನದು ಜರ್ಮನಿಗೆ ಹೋಗುತ್ತಿತ್ತು. 1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಗಿ ಹಡಗು ನಿಂತಾಗ ಕೊಳ್ಳುವವರಿಲ್ಲದೆ ಮರ ಉಳಿಯಿತು. ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥ ಆಲ್ಫ್ರೆಡ್ ಚಾಟರ್ಟನ್. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ರಸಾಯನ ಶಾಸ್ತ್ರಜ್ಞರಾದ ಸಡ್‌ಬರೊ ಮತ್ತು ವಾಟ್ಸನ್ ಇಲ್ಲೇ ಎಣ್ಣೆ ಬಟ್ಟಿ ಇಳಿಸುವ ವಿಧಾನ ಮಾಡಿಕೊಟ್ಟರು. 1916ರಲ್ಲಿ ಬೆಂಗಳೂರಲ್ಲಿ, 1917ರಲ್ಲಿ ಮೈಸೂರಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಸಾಬೂನು ಬಂದದ್ದು ಆಮೇಲೆ. ಸಾಬೂನು ಮಾಡುವುದನ್ನು ಇಂಗ್ಲೆಂಡಿನಲ್ಲಿ ಕಲಿತು ಬಂದ ಎಸ್.ಜಿ. ಶಾಸ್ತ್ರಿಯವರು ಗಂಧದೆಣ್ಣೆಯನ್ನು ಸಾಬೂನಿಗೆ ಸೇರಿಸಿದರು. ಇವತ್ತು ಕೆಂಗೇರಿಯಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ರಾಜಾಜಿನಗರ ದಾಟಿದರೆ ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’ ಎಂಬ ನಿಲ್ದಾಣವೇ ಬರುತ್ತದೆ. ಆ ಸಾಬೂನಿನೊಳಗಿನ ಎಣ್ಣೆ ಒಂದು ಕಾಲಕ್ಕೆ ಉರಿಮೂತ್ರದ ಔಷಧಿ ಎಂದು ನಿಲ್ದಾಣದಲ್ಲಿ ಇಳಿಯುವವರಲ್ಲಿ ಎಷ್ಟು ಜನಕ್ಕೆ ಗೊತ್ತೋ.

ಆ ಔಷಧಿಯನ್ನು ಮುಗಿಸಿದ್ದು ಯುದ್ಧವಲ್ಲ, ಬೇರೆ ಔಷಧಿ. 1937ರ ಹೊತ್ತಿಗೆ ಸಲ್ಫಾ ಮಾತ್ರೆ ಗೊನೋರಿಯಾವನ್ನು ಗುಣಪಡಿಸುವುದು ಖಾತ್ರಿಯಾಯಿತು. 1940ರ ದಶಕದಲ್ಲಿ ಪೆನಿಸಿಲಿನ್ ಬಂತು. 1953ರಲ್ಲಿ ಮೂತ್ರದ ಸೋಂಕಿಗೆಂದೇ ನೈಟ್ರೊಫ್ಯುರಾಂಟಾಯಿನ್ ಮಾರುಕಟ್ಟೆಗೆ ಬಂತು. ಸರಳವಾದ ಸೋಂಕಿಗೆ ನಮ್ಮ ದೇಶದ ಡಾಕ್ಟರುಗಳಿಗೆ ಇವತ್ತೂ ಅದು ಮೊದಲ ಸಾಲಿನ ಔಷಧಿ. ಗಂಧದೆಣ್ಣೆ ಸದ್ದಿಲ್ಲದೆ ಔಷಧಿಯ ಕಪಾಟಿನಿಂದ ಇಳಿದು ಸುಗಂಧದ ಕಪಾಟಿಗೆ ಹೋಯಿತು. ಅದು ಉರಿಮೂತ್ರಕ್ಕೆ ಎಷ್ಟು ಕೆಲಸ ಮಾಡುತ್ತದೆ ಎಂದು ಇವತ್ತಿನ ರೀತಿಯ ದೊಡ್ಡ ಪರೀಕ್ಷೆ ನಡೆಯುವ ಮೊದಲೇ ಅದರ ಕಾಲ ಮುಗಿದಿತ್ತು. ಜರ್ಮನಿಯಲ್ಲಿ ಮಾತ್ರ ಗಿಡಮೂಲಿಕೆಗಳನ್ನು ಪರಿಶೀಲಿಸುವ ‘ಕಮಿಷನ್ ಇ’ ಎಂಬ ಸಮಿತಿ, ಕೆಳ ಮೂತ್ರನಾಳದ ಸೋಂಕಿಗೆ ಬೇರೆ ಚಿಕಿತ್ಸೆಯ ಜೊತೆಗೆ ಬಿಳಿಗಂಧದ ಚೆಕ್ಕೆ ಬಳಸಬಹುದು, ಆರು ವಾರಕ್ಕಿಂತ ಹೆಚ್ಚು ಬೇಡ, ಕಿಡ್ನಿ ಕಾಯಿಲೆ ಇರುವವರಿಗೆ ಬೇಡವೇ ಬೇಡ ಎಂದು ಹೇಳಿತು. ಇದನ್ನು ಓದಿ ಯಾರೂ ಸೆಂಟಿನ ಅಂಗಡಿಯ ಗಂಧದೆಣ್ಣೆ ಕುಡಿಯಬೇಡಿ. ಅದು ಕುಡಿಯುವ ಎಣ್ಣೆಯಲ್ಲ.

ಈ ಭಾಗದಲ್ಲಿ ನಮಗೆ ಕಂಡದ್ದು ಇನ್ನೊಂದಿದೆ. ಗಂಧದೆಣ್ಣೆ ಪ್ರಪಂಚ ಸುತ್ತಿದ್ದು ಮುಖ್ಯವಾಗಿ ಗಂಡಸರ ಗೊನೋರಿಯಾಕ್ಕಾಗಿ. ಹೆಂಗಸರ ಉರಿಮೂತ್ರ ಆಗಲೂ ಇತ್ತು, ಗೊನೋರಿಯಾಕ್ಕಿಂತ ಹೆಚ್ಚೇ ಇತ್ತು. ಆದರೆ ಅದು ಅಡುಗೆಮನೆಯಲ್ಲೇ, ಕೊತ್ತಂಬರಿ ನೀರಿನಲ್ಲೇ ಉಳಿಯಿತು.

ಕ್ರ್ಯಾನ್‌ಬೆರಿ ಕೂಡ ಅಡುಗೆಮನೆಯದ್ದೇ, ಆದರೆ ಅಮೆರಿಕದ್ದು. ಜೌಗು ನೆಲದಲ್ಲಿ ಬೆಳೆಯುವ ಕುಳ್ಳ ಬಳ್ಳಿ. ಅಲ್ಲಿನ ಮೂಲನಿವಾಸಿಗಳು ಆಹಾರವಾಗಿ, ಬಣ್ಣವಾಗಿ, ಗಾಯಕ್ಕೆ ಮದ್ದಾಗಿ ಬಳಸುತ್ತಿದ್ದರು. 1816ರ ಸುಮಾರಿಗೆ ಮ್ಯಾಸಚೂಸೆಟ್ಸ್‌ನ ಹೆನ್ರಿ ಹಾಲ್ ಎಂಬಾತ ಇದನ್ನು ಬೆಳೆಯಾಗಿ ಬೆಳೆಸಿದ. ಹುಳಿ ಎಂದರೆ ವಿಪರೀತ ಹುಳಿ, ಸಕ್ಕರೆ ಇಲ್ಲದೆ ತಿನ್ನಲಾಗದು. 1930ರಲ್ಲಿ ಮೂವರು ಬೆಳೆಗಾರರು ಸೇರಿ ‘ಓಷನ್ ಸ್ಪ್ರೇ’ ಎಂಬ ಸಹಕಾರ ಸಂಘ ಕಟ್ಟಿದರು. ನಮ್ಮ ಹಾಲಿನ ಸಂಘಗಳಿಗೆ ಕೆ.ಎಂ.ಎಫ್. ಇರುವಂತೆ ಅವರ ಹಣ್ಣಿಗೆ ಅದು. ಈ ಸಂಘವನ್ನು ನೆನಪಿಟ್ಟುಕೊಳ್ಳಿ.

ಉರಿಮೂತ್ರಕ್ಕೆ ಈ ಹಣ್ಣು ಯಾಕೆ ಒಳ್ಳೆಯದು ಎಂಬುದಕ್ಕೆ ಕೊಟ್ಟ ಕಾರಣ ಕಾಲಕಾಲಕ್ಕೆ ಬದಲಾಗಿದೆ. 1914ರಲ್ಲಿ, ಮೈಸೂರಿನ ಗಂಧ ಬಂದರಿನಲ್ಲಿ ನಿಂತ ಅದೇ ವರ್ಷ, ಬ್ಲೇದರ್‌ವಿಕ್ ಎಂಬ ವಿಜ್ಞಾನಿ ಈ ಹಣ್ಣು ಮೂತ್ರವನ್ನು ಹುಳಿ ಮಾಡುತ್ತದೆ ಎಂದು ತೋರಿಸಿದ. ಹುಳಿಯಲ್ಲಿ ಬ್ಯಾಕ್ಟೀರಿಯಾ ಬದುಕುವುದಿಲ್ಲ ಎಂದು ಎಪ್ಪತ್ತು ವರ್ಷ ಜನ ನಂಬಿದರು. ಆದರೆ ಅಷ್ಟು ಹುಳಿ ಮಾಡಲು ಮನುಷ್ಯ ಕುಡಿಯಲಾಗದಷ್ಟು ರಸ ಬೇಕಿತ್ತು. 1984ರಲ್ಲಿ ಒಹಾಯೊದ ಸೊಬೊಟ ಬೇರೆಯದೇ ಹೇಳಿದರು. ಹಣ್ಣು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಅಂಟಿಕೊಳ್ಳದಂತೆ ಮಾಡುತ್ತದೆ. ಇ-ಕೋಲೈ ಮೈಮೇಲೆ ಕೂದಲಿನಂಥ ಎಳೆಗಳಿವೆ. ಸೀರೆಗೆ ನೆಗ್ಗಿಲು ಮುಳ್ಳು ಕಚ್ಚಿಕೊಳ್ಳುವಂತೆ ಅದು ಮೂತ್ರಕೋಶದ ಗೋಡೆಗೆ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಳ್ಳದಿದ್ದರೆ ಮೂತ್ರದ ಜೊತೆ ಕೊಚ್ಚಿ ಹೋಗುತ್ತದೆ. 1998ರಲ್ಲಿ ಆಮಿ ಹೊವೆಲ್ ಮತ್ತು ಸಂಗಡಿಗರು ಆ ಕೆಲಸ ಮಾಡುವ ಒಗರು ಅಂಶವನ್ನು ಗುರುತಿಸಿದರು. ಅದರ ಹೆಸರು ಪ್ರೋಆಂಥೊಸಯಾನಿಡಿನ್. ಹೆಸರು ಮರೆತರೂ ನಷ್ಟವಿಲ್ಲ.

ಕಾರಣ ಹೇಳುವುದು ಸುಲಭ, ಹೆಂಗಸರಿಗೆ ನಿಜಕ್ಕೂ ಪ್ರಯೋಜನ ಆಗುತ್ತದೆಯೇ ಎಂದು ತೋರಿಸುವುದು ಕಷ್ಟ. 1994ರಲ್ಲಿ ಬಾಸ್ಟನ್ನಿನಲ್ಲಿ 153 ಮಂದಿ ವಯಸ್ಸಾದ ಹೆಂಗಸರ ಮೇಲೆ ಪರೀಕ್ಷೆ ನಡೆಯಿತು. ಅರ್ಧ ಜನಕ್ಕೆ ದಿನಕ್ಕೆ 300 ಮಿಲಿಲೀಟರ್ ಕ್ರ್ಯಾನ್‌ಬೆರಿ ಪಾನೀಯ, ಉಳಿದವರಿಗೆ ಅದೇ ಬಣ್ಣ ಅದೇ ರುಚಿಯ ಸುಳ್ಳು ಪಾನೀಯ. ನಿಜವಾದದ್ದು ಕುಡಿದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ, ಕೀವು ಕಡಿಮೆ ಕಂಡವು. ಆ ಪರೀಕ್ಷೆಗೆ ಓಷನ್ ಸ್ಪ್ರೇ ಹಣ ಕೊಟ್ಟಿತ್ತು. ತಪ್ಪೇನಿಲ್ಲ, ತಿಳಿದಿರಬೇಕು ಅಷ್ಟೆ. 2012ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಅದುವರೆಗಿನ 24 ಪರೀಕ್ಷೆಗಳನ್ನು ಒಟ್ಟಿಗೆ ತೂಗಿ, ಹೇಳಿಕೊಳ್ಳುವಂಥ ಲಾಭವಿಲ್ಲ ಎಂದಿತು. 2016ರಲ್ಲಿ ವೃದ್ಧಾಶ್ರಮಗಳ 185 ಹೆಂಗಸರ ಮೇಲೆ ನಡೆದ ಪರೀಕ್ಷೆಯಲ್ಲೂ ಏನೂ ಗಿಟ್ಟಲಿಲ್ಲ. 2023ರಲ್ಲಿ ಅದೇ ಕಾಕ್ರೇನ್ ಸಂಸ್ಥೆ 50 ಪರೀಕ್ಷೆ, 8857 ಜನರ ಲೆಕ್ಕ ಇಟ್ಟುಕೊಂಡು ಮತ್ತೆ ತೂಗಿತು. ಈ ಸಲ ತಕ್ಕಡಿ ಇನ್ನೊಂದು ಕಡೆ ವಾಲಿತು. ಪದೇ ಪದೇ ಸೋಂಕು ಬರುವ ಹೆಂಗಸರಲ್ಲಿ ಅಪಾಯ ಸುಮಾರು 26 ಭಾಗ ಇಳಿಯಿತು. ಅಂದರೆ 100 ಹೆಂಗಸರಿಗೆ ಬರಬೇಕಿದ್ದ ಕಡೆ ಸುಮಾರು 74 ಹೆಂಗಸರಿಗೆ ಬರುತ್ತದೆ. ವೃದ್ಧಾಶ್ರಮದ ಹಿರಿಯರಿಗೆ, ಬಸುರಿಯರಿಗೆ, ಮೂತ್ರಕೋಶ ಪೂರ್ತಿ ಖಾಲಿಯಾಗದ ತೊಂದರೆ ಇರುವವರಿಗೆ ಲಾಭ ಕಾಣಲಿಲ್ಲ.

ನಮ್ಮ ಅಭಿಪ್ರಾಯ ಇಷ್ಟು. ಕ್ರ್ಯಾನ್‌ಬೆರಿ ಪೂರಾ ಮೋಸವಲ್ಲ, ಪವಾಡವೂ ಅಲ್ಲ. ಅದು ತಡೆಯಲು ಸ್ವಲ್ಪ ನೆರವಾಗುತ್ತದೆ, ಬಂದ ಸೋಂಕನ್ನು ವಾಸಿ ಮಾಡುವುದಿಲ್ಲ. ಉರಿ ಶುರುವಾದ ಮೇಲೆ ಪೊಟ್ಟಣ ಕಲಸಿ ಕುಡಿಯುತ್ತಾ ಕೂತರೆ ಸೋಂಕು ಕಿಡ್ನಿಗೆ ಏರಬಹುದು. ನಮ್ಮಲ್ಲಿ ಸಿಗುವ ಪೊಟ್ಟಣಗಳಲ್ಲಿ ಹಲವು ಡಿ-ಮ್ಯಾನೋಸ್ ಎಂಬ ಸಕ್ಕರೆಯನ್ನೂ ಸೇರಿಸಿರುತ್ತವೆ. ಅದರ ಮೇಲೆ ಬ್ರಿಟನ್ನಿನ 598 ಹೆಂಗಸರಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು. ಪ್ರಯೋಜನ ಕಾಣಲಿಲ್ಲ. ಅಂಗಡಿಯ ಸಿಹಿ ಜ್ಯೂಸಿನಲ್ಲಿ ಹಣ್ಣಿಗಿಂತ ಸಕ್ಕರೆಯೇ ಹೆಚ್ಚು ಇರಬಹುದು, ಶುಗರ್ ಇರುವವರು ಜೋಪಾನ. ರಕ್ತ ತೆಳುವಾಗಲು ವಾರ್ಫರಿನ್ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು.

ಇನ್ನೊಂದು ಎಚ್ಚರಿಕೆ. ಮಲೆನಾಡಿನಲ್ಲಿ ಕವಳೆ, ಕರಾವಳಿಯಲ್ಲಿ ಕರಂಡೆ ಎನ್ನುವ ಕಾಯಿ ನಿಮಗೆ ಗೊತ್ತಿರುತ್ತದೆ. ಉಪ್ಪಿನಕಾಯಿ ಹಾಕುತ್ತೇವೆ. ಸಕ್ಕರೆ ಪಾಕ, ಕೆಂಪು ಬಣ್ಣ ಹಾಕಿದರೆ ಬೇಕರಿ ಕೇಕಿನ ಮೇಲಿನ ‘ಚೆರ್ರಿ’ ಆಗುವುದೂ ಅದೇ. ಈಗ ಅದನ್ನೇ ಒಣಗಿಸಿ ‘ಇಂಡಿಯನ್ ಕ್ರ್ಯಾನ್‌ಬೆರಿ’ ಎಂದು ಮಾರುವವರಿದ್ದಾರೆ. ಕವಳೆ ಒಳ್ಳೆಯ ಹಣ್ಣೇ. ಆದರೆ ಅದು ಕಣಗಿಲೆಯ ಕುಟುಂಬದ್ದು, ಕ್ರ್ಯಾನ್‌ಬೆರಿಗೂ ಅದಕ್ಕೂ ನಂಟಿಲ್ಲ. ಒಂದರ ಮೇಲೆ ನಡೆದ ಪರೀಕ್ಷೆಯನ್ನು ಇನ್ನೊಂದರ ಡಬ್ಬಿಗೆ ಅಂಟಿಸುವ ಹಾಗಿಲ್ಲ.

ಹಾಗಾದರೆ ನೆಗ್ಗಿಲು? ಸಾವಿರಾರು ವರ್ಷದ ಹೆಸರಿದ್ದರೂ ಅದಕ್ಕೆ ಕ್ರ್ಯಾನ್‌ಬೆರಿಗೆ ಸಿಕ್ಕಷ್ಟು ಪರೀಕ್ಷೆ ಸಿಕ್ಕಿಲ್ಲ. ನೆಗ್ಗಿಲಿಗೆ ಬೆಳೆಗಾರರ ಸಂಘವಿಲ್ಲ, ಅದು ಕಳೆ. ಕಳೆಯ ಪರವಾಗಿ ಹಣ ಸುರಿಯುವವರು ಯಾರು?

ಈಗ ನೀರಿಗೆ ಬರೋಣ. 2018ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಪದೇ ಪದೇ ಸೋಂಕು ಬರುತ್ತಿದ್ದ ಮತ್ತು ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಯಲು ಹೇಳಿದರು. ಒಂದು ವರ್ಷದಲ್ಲಿ ಆ ಗುಂಪಿನವರಿಗೆ ಸರಾಸರಿ 1.7 ಸಲ ಸೋಂಕು ಬಂತು, ಉಳಿದವರಿಗೆ 3.2 ಸಲ. ಹೆಚ್ಚುಕಡಿಮೆ ಅರ್ಧ. ಇದಕ್ಕೆ ಹಣ ಕೊಟ್ಟದ್ದು ಬಾಟಲಿ ನೀರು ಮಾರುವ ದಾನೋನ್ ಕಂಪನಿ ಎಂಬುದನ್ನೂ ಹೇಳಿಬಿಡುತ್ತೇವೆ. ಆದರೆ ಪ್ರಯೋಜನ ಪಡೆಯಲು ಬಾಟಲಿ ಬೇಕಿಲ್ಲ. ಅಜ್ಜಿಯ ಕೊತ್ತಂಬರಿ ನೀರು, ಬಾರ್ಲಿ ಗಂಜಿ, ಎಳನೀರಿನಲ್ಲಿ ಕೊತ್ತಂಬರಿಯ ಪಾಲೆಷ್ಟೋ, ನೀರಿನ ಪಾಲಂತೂ ದೊಡ್ಡದು.

ಹಾಗಾದರೆ ಕುಡಿಯಲಿಕ್ಕೇನು ಕಷ್ಟ? ಕುಡಿದರೆ ಹೋಗಬೇಕಲ್ಲ. ಬೆಳಿಗ್ಗೆ ಆರು ಗಂಟೆಗೆ ಊರು ಬಿಟ್ಟು ಬಿಡದಿ, ರಾಮನಗರ ಕಡೆಯಿಂದ ರೈಲಿನಲ್ಲೋ ಬಸ್ಸಿನಲ್ಲೋ ಬಂದು ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಮಿಷನ್ ಮುಂದೆ ಕೂರುವ ಹೆಣ್ಣುಮಗಳು ಸಂಜೆ ಮನೆಗೆ ಹೋಗುವವರೆಗೆ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾಳೆ. ದಾರಿಯಲ್ಲಿ ಹೋಗಲು ಜಾಗವಿಲ್ಲ. ಇದ್ದರೆ ಚೊಕ್ಕಟವಿಲ್ಲ. ಎದ್ದು ಹೋದರೆ ಗಂಟೆಯ ಟಾರ್ಗೆಟ್ಟು ತಪ್ಪುತ್ತದೆ. ಹೊಲದ ಕೂಲಿಗೆ ಹೋಗುವವರದು, ಶೌಚಾಲಯಕ್ಕೆ ಬೀಗ ಹಾಕಿರುವ ಶಾಲೆಯ ಹುಡುಗಿಯರದು ಇದೇ ಪಾಡು. ನೀರು ಕಡಿಮೆ, ಕಟ್ಟಿಕೊಂಡು ಕೂರುವುದು ಹೆಚ್ಚು. ಬ್ಯಾಕ್ಟೀರಿಯಾ ಬೆಳೆಯಲು ಇಷ್ಟು ಸಾಕು.

ಚರಕ ಸಂಹಿತೆಯ ಸೂತ್ರಸ್ಥಾನದ ಏಳನೇ ಅಧ್ಯಾಯದ ಹೆಸರು ‘ನವೇಗಾನ್ಧಾರಣೀಯ’. ದೇಹದ ಯಾವ ಯಾವ ಒತ್ತಡಗಳನ್ನು ತಡೆಹಿಡಿಯಬಾರದು ಎಂಬುದೇ ಅದರ ವಿಷಯ. ಹದಿಮೂರರ ಪಟ್ಟಿ. ಅದರಲ್ಲಿ ಮೊದಲನೆಯದು ಮೂತ್ರ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 19ನೇ ಕಲಮು ಹೇಳುತ್ತಿದ್ದುದೂ ಹೆಚ್ಚುಕಡಿಮೆ ಅದನ್ನೇ. ಸಾಕಷ್ಟು ಶೌಚಾಲಯ ಇರಬೇಕು, ಹೆಂಗಸರಿಗೆ ಬೇರೆ ಇರಬೇಕು, ಕೆಲಸಗಾರರು ಕಾರ್ಖಾನೆಯಲ್ಲಿರುವ ಎಲ್ಲ ಹೊತ್ತಿನಲ್ಲೂ ಅದು ಅವರಿಗೆ ಸಿಗುವಂತಿರಬೇಕು. ‘ಎಲ್ಲ ಹೊತ್ತಿನಲ್ಲೂ’ ಎಂಬುದನ್ನು ಆ ಕಾಯ್ದೆಯೇ ಹೇಳಿತ್ತು, ಸೂಪರ್‌ವೈಸರು ಬಿಡುವು ಕೊಟ್ಟಾಗ ಎಂದಲ್ಲ.

ಪದೇ ಪದೇ ಸೋಂಕು ಬಂದವರಿಗೆ ಪದೇ ಪದೇ ಆಂಟಿಬಯೋಟಿಕ್. ಡಾಕ್ಟರ ಚೀಟಿಯಿಲ್ಲದೆ ಅಂಗಡಿಯಲ್ಲಿ ಕೇಳಿ ನಾಲ್ಕು ಮಾತ್ರೆ ತಂದು, ಎರಡಕ್ಕೆ ಉರಿ ನಿಂತರೆ ಉಳಿದೆರಡನ್ನು ಡಬ್ಬಿಯಲ್ಲಿಡುವುದು ನಮ್ಮಲ್ಲಿ ಸಾಮಾನ್ಯ. ಸರ್ಕಾರಗಳೇ ಸೇರಿ 1981ರಲ್ಲಿ ಕಟ್ಟಿದ ಕರ್ನಾಟಕ ಆಂಟಿಬಯೋಟಿಕ್ಸ್ ಕಂಪನಿಯ ಕಚೇರಿ ಹಿಂದೆ ಇದ್ದದ್ದೂ ರಾಜಾಜಿನಗರದಲ್ಲೇ, ಸೋಪ್ ಫ್ಯಾಕ್ಟರಿಗೆ ದೂರವಿರಲಿಲ್ಲ. ಗಂಧದೆಣ್ಣೆಯನ್ನು ಕಪಾಟಿನಿಂದ ಇಳಿಸಿದ ಆ ಔಷಧಿಗಳಲ್ಲಿ ಹಲವಕ್ಕೆ ಇವತ್ತು ಭಾರತದ ಇ-ಕೋಲೈ ಬಗ್ಗುತ್ತಿಲ್ಲ. ಕ್ರ್ಯಾನ್‌ಬೆರಿಯಂಥ ಹಳೇ ಅಡುಗೆಮನೆ ಮದ್ದಿನ ಕಡೆ ವಿಜ್ಞಾನಿಗಳು ಮತ್ತೆ ತಿರುಗಿದ್ದಕ್ಕೆ ಇದೂ ಒಂದು ಕಾರಣ. ಅದಕ್ಕೇ ಮತ್ತೆ ಮತ್ತೆ ಸೋಂಕು ಬರುವವರು ಮಾತ್ರೆಗೆ ಮೊದಲು ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿ ಎಂದು ಕೇಳಬೇಕು. ಯಾವ ಔಷಧಿಗೆ ಬ್ಯಾಕ್ಟೀರಿಯಾ ಸಾಯುತ್ತದೆ ಎಂದು ಅದರಲ್ಲಿ ಗೊತ್ತಾಗುತ್ತದೆ. ಮುಟ್ಟು ನಿಂತವರಿಗೆ ಹಾರ್ಮೋನಿನ ಮುಲಾಮು ನೆರವಾಗುತ್ತದೆ, ಇದನ್ನೂ ಡಾಕ್ಟರನ್ನು ಕೇಳಬಹುದು. ಉರಿಯ ಜೊತೆ ಚಳಿಜ್ವರ, ಸೊಂಟದ ಮೇಲ್ಗಡೆ ಬೆನ್ನುನೋವು, ವಾಂತಿ, ಮೂತ್ರದಲ್ಲಿ ರಕ್ತ ಇದ್ದರೆ ಕೊತ್ತಂಬರಿ ನೀರಿಗೂ ಕ್ರ್ಯಾನ್‌ಬೆರಿಗೂ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಸುರಿಯರಿಗೆ ಉರಿಯೊಂದೇ ಇದ್ದರೂ ಸಾಕು.

ನಿಮ್ಮ ಊರಿನಲ್ಲಿ ಉರಿಮೂತ್ರಕ್ಕೆ ಏನು ಕೊಡುತ್ತಿದ್ದರು, ಆ ಗಿಡವನ್ನು ಯಾವ ಹೆಸರಿನಿಂದ ಕರೆಯುತ್ತೀರಿ, ಬರೆದು ಕಳಿಸಿ. ನೀವು ಕೆಲಸಕ್ಕೆ ಹೋಗುವ ದಾರಿಯಲ್ಲಿ ಹೆಂಗಸರಿಗೆ ಬೀಗವಿಲ್ಲದ ಶೌಚಾಲಯ ಎಷ್ಟಿವೆ ಎಂದು ಎಣಿಸಿ, ಅದನ್ನೂ ಬರೆಯಿರಿ. ಕೆಂಗೇರಿಯಿಂದ ಬಿಡದಿವರೆಗಿನ ಲೆಕ್ಕ ನಾವು ಶುರುಮಾಡಿದ್ದೇವೆ.